ಹಿಮೋಗ್ಲೋಬಿನ್ ಎಷ್ಟಿದೆ, ಹೇಗಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಮೋಗ್ಲೋಬಿನ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. 'ಎಷ್ಟಿರಬೇಕು' ಎಂದು ಕೇಳಿದವರೇ ಹೆಚ್ಚು. ಅದಕ್ಕೆ ಉತ್ತರ ಚಿಕ್ಕದು: ಡೆಸಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಂ, ಹೆಂಗಸರಲ್ಲಿ 12, ಬಸುರಿಯರಲ್ಲಿ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಬಸಿರಿನ ನಡುವಿನ ಮೂರು ತಿಂಗಳಿಗೆ ಮಾತ್ರ ಈ ಗೆರೆ 10.5. ಆದರೆ ಅಂಕಿ ಸರಿಯಿದ್ದೂ ಹಿಮೋಗ್ಲೋಬಿನ್ ಕೆಲಸಕ್ಕೆ ಬಾರದೇ ಇರಬಹುದು, ಅಂಕಿ ಕಡಿಮೆಯಿದ್ದೂ ಕಬ್ಬಿಣದ ಮಾತ್ರೆ ಬೇಡದೇ ಇರಬಹುದು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅದರ ಸುತ್ತಲೇ ಇವೆ.

ಪ್ರಶ್ನೆ: ಕಬ್ಬಿಣಕ್ಕೆ ಗಾಳಿ, ನೀರು ಸೋಕಿದರೆ ತುಕ್ಕು ಹಿಡಿಯುತ್ತದೆ. ರಕ್ತದಲ್ಲಿ ಕಬ್ಬಿಣ, ಆಮ್ಲಜನಕ, ನೀರು ಮೂರೂ ಇವೆ. ಅಲ್ಲೇಕೆ ತುಕ್ಕು ಹಿಡಿಯುವುದಿಲ್ಲ?
ಪಿಯುಸಿ ವಿದ್ಯಾರ್ಥಿನಿ, ಧಾರವಾಡ

ಹಿಡಿಯುತ್ತದೆ, ಸ್ವಲ್ಪ. ಆದರೆ ರಕ್ತಕಣ ಅದನ್ನು ದಿನವೂ ಸರಿಪಡಿಸಿಕೊಳ್ಳುತ್ತದೆ.

ಹಿಮೋಗ್ಲೋಬಿನ್ ಎಂದರೆ ಗ್ಲೋಬಿನ್ ಎಂಬ ಪ್ರೋಟೀನ್, ಅದರೊಳಗೆ ಆಮ್ಲಜನಕ ಹಿಡಿಯುವ ಹೀಮ್. ಹೀಮ್ ಎಂದರೆ ಪಾರ್ಫಿರಿನ್ ಎಂಬ ಚಪ್ಪಟೆ ಉಂಗುರ, ಅದರ ನಡುವೆ ಒಂದು ಕಬ್ಬಿಣದ ಪರಮಾಣು. ಈ ಕಬ್ಬಿಣ ಫೆರಸ್ ಸ್ಥಿತಿಯಲ್ಲಿ, ಅಂದರೆ ಎರಡು ಧನಾವೇಶದೊಂದಿಗೆ ಇದ್ದರೆ ಮಾತ್ರ ಆಮ್ಲಜನಕವನ್ನು ಹಿಡಿಯಬಲ್ಲದು. ಬರಿಯ ಹೀಮನ್ನು ನೀರಿಗೆ ಹಾಕಿ ಗಾಳಿಗೆ ಒಡ್ಡಿದರೆ ಎರಡು ಹೀಮ್‌ಗಳು ಒಂದೇ ಆಮ್ಲಜನಕವನ್ನು ನಡುವೆ ಸಿಕ್ಕಿಸಿಕೊಳ್ಳುತ್ತವೆ, ಕಬ್ಬಿಣ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಫೆರಿಕ್ ಆಗಿಬಿಡುತ್ತದೆ. ಆಮೇಲೆ ಆ ಜಾಗದಲ್ಲಿ ನೀರು ಕೂರುತ್ತದೆ, ಆಮ್ಲಜನಕಕ್ಕೆ ಎಡೆಯಿಲ್ಲ. ಗ್ಲೋಬಿನ್ ಪ್ರೋಟೀನ್ ಇದನ್ನು ತಡೆಯುತ್ತದೆ. ಹಿಮೋಗ್ಲೋಬಿನ್‌ನಲ್ಲಿ 141 ಅಮೈನೋ ಆಮ್ಲಗಳ ಎರಡು ಆಲ್ಫಾ ಸರಪಳಿ, 146ರ ಎರಡು ಬೀಟಾ ಸರಪಳಿ ಇವೆ. ಪ್ರತಿಯೊಂದೂ ಮಡಚಿಕೊಂಡು ನೀರು ಸುಲಭವಾಗಿ ನುಗ್ಗದಂಥ ಒಂದು ಸಂದಿಯನ್ನು ಮಾಡಿಕೊಂಡಿರುತ್ತದೆ. ಒಂದು ಸಂದಿಯಲ್ಲಿ ಒಂದೇ ಹೀಮ್, ಆದ್ದರಿಂದ ಇನ್ನೊಂದು ಹೀಮ್ ಹತ್ತಿರ ಸುಳಿಯಲಾರದು. ಕಬ್ಬಿಣದ ಆರು ಬಂಧಗಳಲ್ಲಿ ನಾಲ್ಕು ಉಂಗುರದ ನೈಟ್ರೋಜನ್‌ಗಳಿಗೆ, ಐದನೆಯದು ಸರಪಳಿಯ ಒಂದು ಹಿಸ್ಟಿಡಿನ್‌ಗೆ. ಆರನೆಯದು ಆಮ್ಲಜನಕಕ್ಕಾಗಿ ಖಾಲಿ. ಆ ಖಾಲಿ ಜಾಗದ ಎದುರಿಗೆ ಇನ್ನೊಂದು ಹಿಸ್ಟಿಡಿನ್ ಇದ್ದು, ಬಂದ ಆಮ್ಲಜನಕವನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತದೆ. ಅದರಿಂದಾಗಿ ಆಮ್ಲಜನಕ ಹೋಗುವಾಗ ಕಬ್ಬಿಣದ ಎಲೆಕ್ಟ್ರಾನ್ ಕಸಿದುಕೊಂಡು ಹೋಗುವುದು ಅಪರೂಪ.

ಅಪರೂಪವೇ ಹೊರತು ಇಲ್ಲವೆಂದಲ್ಲ. ದಿನಕ್ಕೆ ಶೇ. 1ರಿಂದ 3ರಷ್ಟು ಹಿಮೋಗ್ಲೋಬಿನ್ ಹೀಗೆ ಕೆಟ್ಟು ಮೆಥಿಮೋಗ್ಲೋಬಿನ್ ಆಗುತ್ತದೆ. ಸೈಟೋಕ್ರೋಮ್ ಬಿ5 ರಿಡಕ್ಟೇಸ್ ಎಂಬ ಕಿಣ್ವ ಎಲೆಕ್ಟ್ರಾನ್ ಮರಳಿ ಕೊಟ್ಟು ಸರಿಮಾಡುವುದರಿಂದ ಯಾವ ಹೊತ್ತಿಗೆ ನೋಡಿದರೂ ಅದು ಶೇ. 1ರ ಒಳಗೇ ಇರುತ್ತದೆ. ಎಲೆಕ್ಟ್ರಾನ್ ಬರುವುದು ಗ್ಲೂಕೋಸ್ ಒಡೆಯುವಾಗ ಸಿಗುವ ಎನ್‌ಎಡಿಎಚ್‌ನಿಂದ. ಕೆಂಪು ಕಣಕ್ಕೆ ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಇಲ್ಲ. ಹಾಗಾಗಿ ಅದು ಹೊತ್ತ ಆಮ್ಲಜನಕವನ್ನು ತಾನು ಮುಟ್ಟುವುದೂ ಇಲ್ಲ, ಸುಮಾರು 120 ದಿನ ಗ್ಲೂಕೋಸ್ ಒಂದರ ಮೇಲೆಯೇ ಬದುಕುತ್ತದೆ.

ನಾಲ್ಕು ಸರಪಳಿ ಯಾಕೆ ಎಂದೂ ಕೇಳಿದ್ದೀರಿ. ಕೊಡುವ ಗುಣಕ್ಕಾಗಿ. ಸ್ನಾಯುವಿನ ಮಯೋಗ್ಲೋಬಿನ್‌ಗೆ ಒಂದೇ ಸರಪಳಿ. ಅದು ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಹಿಮೋಗ್ಲೋಬಿನ್‌ನ ಒಂದು ಹೀಮ್‌ಗೆ ಆಮ್ಲಜನಕ ಸೇರಿದಾಗ ಕಬ್ಬಿಣ ಸುಮಾರು 0.04 ನ್ಯಾನೋಮೀಟರ್‌ನಷ್ಟು ಜರುಗಿ ಉಂಗುರದ ಸಮತಲಕ್ಕೆ ಬರುತ್ತದೆ, ತನಗಂಟಿದ ಹಿಸ್ಟಿಡಿನನ್ನು ಎಳೆಯುತ್ತದೆ. ಆ ಎಳೆತ ಉಳಿದ ಸರಪಳಿಗಳಿಗೂ ತಲುಪಿ ಅವು ಮುಂದಿನ ಆಮ್ಲಜನಕವನ್ನು ಸುಲಭವಾಗಿ ಹಿಡಿಯುತ್ತವೆ. ಬಿಡುವಾಗಲೂ ಹಾಗೇ, ಒಂದರ ಹಿಂದೆ ಒಂದು. ಶ್ವಾಸಕೋಶದಲ್ಲಿ ಆಮ್ಲಜನಕದ ಒತ್ತಡ ಸುಮಾರು 100 ಮಿಲಿಮೀಟರ್ ಪಾದರಸದಷ್ಟಿದ್ದು ಹಿಮೋಗ್ಲೋಬಿನ್ ಶೇ. 98ರಷ್ಟು ತುಂಬುತ್ತದೆ. 40ರ ಒತ್ತಡದ ಅಂಗಾಂಶದಲ್ಲಿ ಶೇ. 75ಕ್ಕೆ ಇಳಿಯುತ್ತದೆ. ದುಡಿಯುವ ಸ್ನಾಯುವಿನಲ್ಲಿ ಒತ್ತಡ 20ಕ್ಕೆ ಬಿದ್ದರೆ ಮೂರನೇ ಒಂದು ಭಾಗದಷ್ಟು ಮಾತ್ರ ಉಳಿಯುತ್ತದೆ. ಎಕ್ಸ್‌ರೇಯಿಂದ ಈ ಅಣುವಿನ ಆಕಾರ ಬಿಡಿಸಿದ ಮ್ಯಾಕ್ಸ್ ಪೆರುಟ್ಜ್‌ಗೆ, ಮಯೋಗ್ಲೋಬಿನ್ ಬಿಡಿಸಿದ ಜಾನ್ ಕೆಂಡ್ರ್ಯೂ ಜತೆ 1962ರಲ್ಲಿ ನೊಬೆಲ್ ಬಂತು.

ಪ್ರಶ್ನೆ: ತಮ್ಮ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ಮಾಡುತ್ತಾನೆ. ಹಿಮೋಗ್ಲೋಬಿನ್ 10. ಆಗಾಗ ಹೊಟ್ಟೆ ಹಿಂಡುತ್ತದೆ ಅನ್ನುತ್ತಾನೆ. ಫೆರಿಟಿನ್ ಚೆನ್ನಾಗಿದೆ, ಆದರೂ ಕಬ್ಬಿಣದ ಮಾತ್ರೆ ನುಂಗುತ್ತಿದ್ದಾನೆ, ಏರುತ್ತಿಲ್ಲ.
ಓದುಗರೊಬ್ಬರು, ತುಮಕೂರು

ಫೆರಿಟಿನ್ ಚೆನ್ನಾಗಿದೆಯೆಂದರೆ ಕಬ್ಬಿಣದ ದಾಸ್ತಾನು ಇದೆ, ಅದನ್ನು ಹೀಮ್‌ಗೆ ಸೇರಿಸುವ ಕೆಲಸ ನಿಂತಿದೆ ಎಂಬ ಅನುಮಾನ ಇಲ್ಲಿ ಮೊದಲು ಬರಬೇಕು.

ಹೀಮ್ ತಯಾರಾಗುವುದು ಮೂಳೆಮಜ್ಜೆಯಲ್ಲಿ ಬೆಳೆಯುತ್ತಿರುವ ಎಳೆಯ ಕಣಗಳಲ್ಲಿ, ಎಂಟು ಹಂತಗಳಲ್ಲಿ. ಮೊದಲ ಹಂತ ಮೈಟೋಕಾಂಡ್ರಿಯಾದಲ್ಲಿ: ಗ್ಲೈಸಿನ್ ಮತ್ತು ಸಕ್ಸಿನೈಲ್ ಕೋ-ಎ ಸೇರಿ ಅಮೈನೋಲೆವುಲಿನಿಕ್ ಆಮ್ಲ ಆಗುತ್ತದೆ. ಇದಕ್ಕೆ ಬಿ6 ಜೀವಸತ್ವ ಬೇಕು. ಕ್ಷಯಕ್ಕೆ ಐಸೋನಿಯಜಿಡ್ ನುಂಗುವವರಿಗೆ ಜತೆಗೆ ಬಿ6 ಕೊಡುವುದರಿಂದ ಈ ಹಂತಕ್ಕೂ ರಕ್ಷಣೆ ಸಿಗುತ್ತದೆ. ಮುಂದಿನ ನಾಲ್ಕು ಹಂತ ಅದರ ಹೊರಗೆ, ಕಣದೊಳಗಿನ ದ್ರವವಾದ ಸೈಟೋಸಾಲ್‌ನಲ್ಲಿ, ಕೊನೆಯ ಮೂರು ಮತ್ತೆ ಮೈಟೋಕಾಂಡ್ರಿಯಾದೊಳಗೆ. ಒಂದು ಹೀಮ್‌ಗೆ ಎಂಟು ಗ್ಲೈಸಿನ್, ಎಂಟು ಸಕ್ಸಿನೈಲ್ ಕೋ-ಎ ಖರ್ಚು. ಕಟ್ಟಕಡೆಗೆ ಫೆರೋಕೆಲಟೇಸ್ ಎಂಬ ಕಿಣ್ವ ಸಿದ್ಧವಾದ ಉಂಗುರದೊಳಗೆ ಕಬ್ಬಿಣ ಕೂರಿಸುತ್ತದೆ.

ಸೀಸ ಈ ಸಾಲನ್ನು ಎರಡು ಕಡೆ ಕಡಿಯುತ್ತದೆ. ಎರಡನೇ ಹಂತದ ಅಮೈನೋಲೆವುಲಿನೇಟ್ ಡಿಹೈಡ್ರಟೇಸ್ ಸತುವಿನ ಆಸರೆಯಿಂದ ನಡೆಯುವ ಕಿಣ್ವ. ಸೀಸ ಸತುವನ್ನು ತಳ್ಳಿ ಆ ಜಾಗ ಹಿಡಿಯುತ್ತದೆ. ಕೊನೆಯ ಹಂತದ ಫೆರೋಕೆಲಟೇಸನ್ನೂ ಕೆಡಿಸುತ್ತದೆ. ಆಗ ಉಂಗುರಕ್ಕೆ ಕಬ್ಬಿಣದ ಬದಲು ಸತು ಸೇರಿ, ರಕ್ತದಲ್ಲಿ ಸತು ಪ್ರೋಟೋಪಾರ್ಫಿರಿನ್ ಏರುತ್ತದೆ. ಹಿಂದೆ ಉಳಿದ ಅಮೈನೋಲೆವುಲಿನಿಕ್ ಆಮ್ಲ ನರಗಳಿಗೆ ತೊಂದರೆ ಕೊಡುತ್ತದೆ. ಹೊಟ್ಟೆ ಹಿಂಡುವುದರಲ್ಲಿ ಅದರ ಪಾತ್ರವೂ ಇದೆ. ಗಾಜಿನ ಮೇಲೆ ಸವರಿದ ರಕ್ತವನ್ನು (ಸ್ಮಿಯರ್) ಸೂಕ್ಷ್ಮದರ್ಶಕದಲ್ಲಿ ನೋಡುವವರಿಗೆ ಕೆಂಪು ಕಣಗಳಲ್ಲಿ ನೀಲಿ ಚುಕ್ಕೆಗಳು ಕಾಣಬಹುದು.

ತಮ್ಮನಿಗೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ತೋಳಿನ ರಕ್ತನಾಳದಿಂದ ರಕ್ತ ತೆಗೆಸಿ. ಬೆರಳು ಚುಚ್ಚಿದರೆ ಚರ್ಮಕ್ಕಂಟಿದ ಸೀಸವೂ ಸೇರಿ ಅಂಕಿ ಸುಳ್ಳಾಗಿ ಏರುತ್ತದೆ. ಡೆಸಿಲೀಟರ್‌ಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ತಡೆಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆಲಸದ ಬಟ್ಟೆ, ಚಪ್ಪಲಿ ಮನೆಯೊಳಗೆ ಬರಬಾರದು. ಬಟ್ಟೆ ಬೇರೆಯೇ ಒಗೆಯಬೇಕು. ಕೆಲಸದ ಜಾಗದಲ್ಲಿ ಊಟ, ಬೀಡಿ, ಎಲೆಯಡಿಕೆ ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೂ ಪರೀಕ್ಷೆ ಮಾಡಿಸಿ; ಅವರ ಕರುಳು ಸೀಸವನ್ನು ದೊಡ್ಡವರಿಗಿಂತ ಹೆಚ್ಚು ಹೀರುತ್ತದೆ. ದೇಹದಿಂದ ಸೀಸ ತೆಗೆಯುವ ಔಷಧ ಬೇಕೇ ಎಂಬುದನ್ನು ವೈದ್ಯರು ಹೇಳಲಿ. ಒಡ್ಡಿಕೊಳ್ಳುವುದು ನಿಲ್ಲದೆ ಆ ಔಷಧ ತೆಗೆದುಕೊಂಡರೆ ಹಣ ದಂಡ.

ಪ್ರಶ್ನೆ: ಮೂರು ತಿಂಗಳ ಮಗುವಿಗೆ ಬೋರ್‌ವೆಲ್ ನೀರು ಚೆನ್ನಾಗಿ ಕುದಿಸಿಯೇ ಪುಡಿ ಹಾಲು ಕಲಸುತ್ತೇವೆ. ನೀರಿನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ಮಗು ನೀಲಿ ಆಗುತ್ತೆ ಅಂದರು. ನಿಜವೇ?
ತಾಯಿ, ಮುಳಬಾಗಿಲು

ನಿಜ. ಮತ್ತು ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ, ಹೆಚ್ಚುತ್ತದೆ. ಲೀಟರಿಗೆ 60 ಮಿಲಿಗ್ರಾಂ ಇರುವ ನೀರು ಕುದಿದು ಕಾಲುಭಾಗ ಆವಿಯಾದರೆ ಉಳಿದದ್ದರಲ್ಲಿ 80 ಆಯಿತು.

ಕರುಳಿನ ಬ್ಯಾಕ್ಟೀರಿಯಾ ನೈಟ್ರೇಟನ್ನು ನೈಟ್ರೈಟ್ ಮಾಡುತ್ತವೆ. ನೈಟ್ರೈಟ್ ಹೀಮ್‌ನ ಕಬ್ಬಿಣವನ್ನು ಫೆರಿಕ್‌ಗೆ ತಳ್ಳುತ್ತದೆ. ದೊಡ್ಡವರ ಜಠರದ ಹುಳಿ ಈ ಬ್ಯಾಕ್ಟೀರಿಯಾಗಳನ್ನು ಮೇಲಕ್ಕೆ ಬರಗೊಡುವುದಿಲ್ಲ, ಎಳೆಮಗುವಿನಲ್ಲಿ ಆ ಹುಳಿ ಕಡಿಮೆ. ಜತೆಗೆ ಮೇಲೆ ಹೇಳಿದ ರಿಡಕ್ಟೇಸ್ ಕಿಣ್ವವೂ ಅದಕ್ಕೆ ದೊಡ್ಡವರ ಸರಿಸುಮಾರು ಅರ್ಧದಷ್ಟೇ. ಆರು ತಿಂಗಳೊಳಗಿನ ಮಕ್ಕಳಿಗೇ ಇದು ತಗಲುವುದು ಅದಕ್ಕೇ. ಅಮೆರಿಕದ ಅಯೋವಾದಲ್ಲಿ ಬಾವಿ ನೀರಿನಿಂದ ಹೀಗಾದ ಮಕ್ಕಳ ಬಗ್ಗೆ ಹಂಟರ್ ಕಾಮ್ಲಿ ಎಂಬ ವೈದ್ಯರು 1945ರಲ್ಲೇ ಬರೆದಿದ್ದರು.

ನೀರಿನ ವರದಿ ಓದುವಾಗ ಒಂದು ಎಡವಟ್ಟು ಆಗುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕೆಲವು ಲ್ಯಾಬುಗಳು 'ನೈಟ್ರೇಟ್ ನೈಟ್ರೋಜನ್' ಎಂದು ಬರೆಯುತ್ತವೆ. ಅದನ್ನು 4.43ರಿಂದ ಗುಣಿಸಿದರೆ ನೈಟ್ರೇಟ್ ಸಿಗುತ್ತದೆ. ಅಂದರೆ ಆ ವರದಿಯಲ್ಲಿ 18 ಎಂದಿದ್ದರೆ '45ಕ್ಕಿಂತ ಕಡಿಮೆ' ಎಂದು ನಿಶ್ಚಿಂತರಾಗಬೇಡಿ, ಅದು 80ರ ಹತ್ತಿರ. ಕ್ಯಾಂಡಲ್ ಫಿಲ್ಟರ್, ಕ್ಲೋರಿನ್, ಯುವಿ, ಪಟಿಕ ಯಾವುದೂ ನೈಟ್ರೇಟ್ ತೆಗೆಯವು. ಆರ್‌ಒ ತೆಗೆಯುತ್ತದೆ. ಎದೆಹಾಲಿಗೆ ನೈಟ್ರೇಟ್ ಹೆಚ್ಚೇನೂ ಸೇರುವುದಿಲ್ಲ, ಆದ್ದರಿಂದ ಎದೆಹಾಲು ಕುಡಿಯುವ ಮಗುವಿಗೆ ಈ ಭಯವಿಲ್ಲ.

ತುಟಿ, ಉಗುರು ಬೂದು ನೀಲಿಯಾಗಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ನೀರಿನ ವಿಷಯವನ್ನು ನೀವೇ ಬಾಯಿಬಿಟ್ಟು ಹೇಳಿ. ಹೃದಯ, ಶ್ವಾಸಕೋಶಗಳನ್ನು ಹುಡುಕುತ್ತ ಹೊತ್ತು ಹೋಗಬಾರದು. ಮೆಥಿಮೋಗ್ಲೋಬಿನ್ ಶೇ. 10-15 ಆದಾಗ ಬಣ್ಣ ಕಾಣಿಸುತ್ತದೆ, ಶೇ. 50 ದಾಟಿದರೆ ಪ್ರಜ್ಞೆ ತಪ್ಪುತ್ತದೆ, ಶೇ. 70ರಲ್ಲಿ ಜೀವಕ್ಕೇ ಸಂಚಕಾರ. ಆಮ್ಲಜನಕ ಕೊಟ್ಟರೂ ನೀಲಿ ಹೋಗದು. ಮೆಥಿಮೋಗ್ಲೋಬಿನ್ ಬಹಳ ಏರಿದಾಗ ಆಕ್ಸಿಮೀಟರ್ 85ರ ಸುತ್ತ ನಿಂತುಬಿಡುತ್ತದೆ. ಬಿಳಿ ಫಿಲ್ಟರ್ ಕಾಗದದ ಮೇಲೆ ಒಂದು ಹನಿ ರಕ್ತ ಬಿಟ್ಟು, ಪಕ್ಕದಲ್ಲೇ ಆರೋಗ್ಯವಂತರ ಒಂದು ಹನಿ ಬಿಟ್ಟು ಗಾಳಿಯಾಡಿಸಿದರೆ ಎರಡನೆಯದು ಕೆಂಪಗಾಗುತ್ತದೆ, ಮೊದಲನೆಯದು ಚಾಕೊಲೇಟ್ ಬಣ್ಣದಲ್ಲೇ ಉಳಿಯುತ್ತದೆ. ಚಿಕಿತ್ಸೆ ಮೆಥಿಲಿನ್ ಬ್ಲೂ: ಕಿಲೋ ತೂಕಕ್ಕೆ 1-2 ಮಿಲಿಗ್ರಾಂ, ರಕ್ತನಾಳದ ಮೂಲಕ ಐದು ನಿಮಿಷ ಹಿಡಿದು ನಿಧಾನವಾಗಿ. ಅದು ಕೆಲಸ ಮಾಡಲು ಜಿ6ಪಿಡಿ ಕಿಣ್ವದಿಂದ ಬರುವ ಎನ್‌ಎಡಿಪಿಎಚ್ ಬೇಕು. ಆ ಕಿಣ್ವದ ಕೊರತೆ ಇರುವ ಮಗುವಿಗೆ ಕೊಟ್ಟರೆ ರಕ್ತಕಣಗಳೇ ಒಡೆಯುತ್ತವೆ. ಕುಟುಂಬದಲ್ಲಿ ಯಾರಿಗಾದರೂ ಜಿ6ಪಿಡಿ ಕೊರತೆ ಇದ್ದರೆ ಮರೆಯದೆ ತಿಳಿಸಿ. ಇಂಥ ಮಗುವಿನ ಬಟ್ಟೆಯ ನಡುವೆ ಡಾಂಬರು ಗುಳಿಗೆಯನ್ನೂ ಇಡಬಾರದು, ಅದರಲ್ಲಿರುವ ನಾಫ್ತಲೀನ್ ಇದೇ ಕೆಲಸ ಮಾಡುತ್ತದೆ.

ಪ್ರಶ್ನೆ: ಮೂರು ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ ತಗೊಳ್ತಿದೀನಿ. ಹಿಮೋಗ್ಲೋಬಿನ್ 9.2 ಇತ್ತು, ಈಗ 9.4. ವಯಸ್ಸು 34, ತೂಕ 50 ಕಿಲೋ. ಎಲ್ಲಿ ತಪ್ಪಾಗ್ತಿದೆ?
ಗೃಹಿಣಿ, ದಾವಣಗೆರೆ

ಮೊದಲು ಲೆಕ್ಕ. ಒಂದು ಗ್ರಾಂ ಹಿಮೋಗ್ಲೋಬಿನ್‌ಗೆ 3.4 ಮಿಲಿಗ್ರಾಂ ಕಬ್ಬಿಣ ಬೇಕು. ನಿಮ್ಮ ತೂಕ 50, 13ಕ್ಕೆ ಏರಿಸಲು ಕೊರತೆ 3.8. ವೈದ್ಯರು ಬಳಸುವ ಸೂತ್ರದಂತೆ 50 × 3.8 × 2.4 = 456 (ತೂಕಕ್ಕೆ ತಕ್ಕ ರಕ್ತದ ಅಂದಾಜು ಮತ್ತು ಮೇಲಿನ 3.4 ಸೇರಿ ಬಂದದ್ದು 2.4), ದಾಸ್ತಾನಿಗೆ ಇನ್ನೊಂದು 500, ಒಟ್ಟು ಸುಮಾರು 950 ಮಿಲಿಗ್ರಾಂ ದೇಹದೊಳಗೆ ಹೋಗಬೇಕು. 60 ಮಿಲಿಗ್ರಾಂ ಮಾತ್ರೆಯಲ್ಲಿ ಕರುಳು ಹೀರುವುದು 6ರಿಂದ 9 ಮಿಲಿಗ್ರಾಂ ಎಂದಿಟ್ಟುಕೊಂಡರೂ ನಾಲ್ಕು ತಿಂಗಳ ದಾರಿ. ಹಾಗಿದ್ದರೂ ಮೊದಲ ನಾಲ್ಕು ವಾರದಲ್ಲಿ ಕನಿಷ್ಠ 1 ಗ್ರಾಂ ಏರಲೇಬೇಕು. ಮೂರು ತಿಂಗಳಲ್ಲಿ 0.2 ಎಂದರೆ ಯಂತ್ರದ ಏರುಪೇರೇ ಹೊರತು ಏರಿಕೆಯಲ್ಲ.

ಕಾರಣ ಮೂರರಲ್ಲಿ ಒಂದು: ಮಾತ್ರೆ ಒಳಗೆ ಹೋಗುತ್ತಿಲ್ಲ, ಒಳಗೆ ಹೋದದ್ದು ಸೋರುತ್ತಿದೆ, ಇಲ್ಲವೇ ಕೊರತೆ ಕಬ್ಬಿಣದ್ದಲ್ಲ.

ಕರುಳು ಹೀರುವುದು ಕರಗಿದ ಫೆರಸ್ ಕಬ್ಬಿಣವನ್ನು, ಅದೂ ಜಠರ ದಾಟಿದ ಕೂಡಲೇ ಸಿಗುವ ಸಣ್ಣಕರುಳಿನ ಮೊದಲ ಗೇಣುಗಳಲ್ಲಿ. ಊಟದ ಜತೆಗಿನ ಕಾಫಿ, ಟೀ, ಮುದ್ದೆ ಚಪಾತಿಯ ಫೈಟೇಟ್ ಅದನ್ನು ಕಟ್ಟಿಹಾಕುತ್ತವೆ. ಕ್ಯಾಲ್ಸಿಯಂ ಮಾತ್ರೆ ಹೀರಿಕೆಗೆ ಅಡ್ಡ ಬರುತ್ತದೆ. ಗ್ಯಾಸ್ಟ್ರಿಕ್‌ಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗಿದರೆ ಕರಗಿಸುವ ಹುಳಿಯೇ ಇಲ್ಲ. ಜಠರದಲ್ಲಿ ಕರಗದಂತೆ ಲೇಪನ ಕೊಟ್ಟ ದುಬಾರಿ ಮಾತ್ರೆಗಳು ಹೀರಿಕೊಳ್ಳುವ ಜಾಗ ದಾಟಿದ ಮೇಲೆ ಕರಗುತ್ತವೆ, ಹೊಟ್ಟೆಗೆ ಹಿತ, ರಕ್ತಕ್ಕೆ ಲಾಭ ಕಡಿಮೆ. ಸರ್ಕಾರಿ ಆಸ್ಪತ್ರೆಯ ಸಾದಾ ಮಾತ್ರೆಯೇ ವಾಸಿ. ಊಟಕ್ಕೆ ಒಂದು ಗಂಟೆ ಮೊದಲು ನಿಂಬೆ ಪಾನಕದ ಜತೆ ತಗೊಳ್ಳಿ. ವಾಕರಿಕೆ ಬಂದರೆ ರಾತ್ರಿ ಮಲಗುವ ಮುಂಚೆ. ಮಲ ಕಪ್ಪಗಾದರೆ ಹೆದರಬೇಡಿ. ಒಂದು ದೊಡ್ಡ ಡೋಸ್ ಬಿದ್ದ ಮೇಲೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಹೊರಡಿಸಿ ಸುಮಾರು ಒಂದು ದಿನ ಕರುಳಿನ ಬಾಗಿಲು ಬಿಗಿಮಾಡುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಬಾರಿ ನುಂಗುವುದರಿಂದ ಹೆಚ್ಚು ಸಿಗುವುದು ಹೊಟ್ಟೆನೋವೇ. ದಿನ ಬಿಟ್ಟು ದಿನ ಕೊಡುವ ವೈದ್ಯರೂ ಇದ್ದಾರೆ. ಬಸುರಿಯರು ಮಾತ್ರ ಸರ್ಕಾರಿ ಕಾರ್ಯಕ್ರಮದಂತೆ ದಿನಕ್ಕೊಂದು ಕೆಂಪು ಮಾತ್ರೆ (60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ) ಬಿಡದೆ ತಗೊಳ್ಳಲಿ.

ಸೋರಿಕೆ ಎಂದರೆ ಹೆಚ್ಚಿನ ಮುಟ್ಟಿನ ಸ್ರಾವ, ಮೂಲವ್ಯಾಧಿ, ಬರಿಗಾಲಲ್ಲಿ ತೋಟಕ್ಕೆ ಹೋಗುವವರಲ್ಲಿ ಕೊಕ್ಕೆಹುಳು. ನಿಮ್ಮ ಈಗಿನ ಹಿಮೋಗ್ಲೋಬಿನ್ ಮಟ್ಟದಲ್ಲಿ ಒಂದು ಮಿಲಿಲೀಟರ್ ರಕ್ತ ಹೋದರೆ 0.3 ಮಿಲಿಗ್ರಾಂ ಕಬ್ಬಿಣ ಹೋಯಿತು. ತಿಂಗಳಿಗೆ 120 ಮಿಲಿಲೀಟರ್ ಹೋಗುತ್ತಿದ್ದರೆ 36 ಮಿಲಿಗ್ರಾಂ, ಅಂದರೆ ಐದಾರು ಮಾತ್ರೆಯಿಂದ ದೇಹ ಹೀರಿದಷ್ಟು ನಷ್ಟ.

ಮೂರನೆಯದಕ್ಕೆ ನಿಮ್ಮ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ) ವರದಿ ಕೈಗೆತ್ತಿಕೊಳ್ಳಿ. ಎಂಸಿವಿ, ಅಂದರೆ ಒಂದು ಕೆಂಪು ಕಣದ ಸರಾಸರಿ ಗಾತ್ರದ ಅಂಕಿಯನ್ನು ಕೆಂಪು ಕಣಗಳ ಎಣಿಕೆಯಿಂದ (ಮಿಲಿಯನ್‌ಗಳಲ್ಲಿ) ಭಾಗಿಸಿ. ಎಂಸಿವಿ 72, ಎಣಿಕೆ 4.1 ಇದ್ದರೆ 17.6, ಇದು ಕಬ್ಬಿಣದ ಕೊರತೆಯ ಕಡೆ ವಾಲುತ್ತದೆ. ಎಂಸಿವಿ 62, ಎಣಿಕೆ 5.6 ಇದ್ದರೆ 11. ಕಣ ಚಿಕ್ಕದು, ಸಂಖ್ಯೆ ಮಾತ್ರ ಹೆಚ್ಚು. 13ಕ್ಕಿಂತ ಕೆಳಗೆ ಬಂದರೆ ಬೀಟಾ ಥಲಸ್ಸೀಮಿಯಾ (ಬೀಟಾ ಸರಪಳಿ ಕಡಿಮೆ ತಯಾರಾಗುವ ವಂಶಪಾರಂಪರ್ಯ ದೋಷ) ವಾಹಕರಿರಬಹುದು. ಗೀಟು ಎಳೆದಂತೆ ಖಚಿತವಲ್ಲ, ಸುಳಿವು ಅಷ್ಟೇ. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 ಶೇ. 3.5-4 ದಾಟಿದರೆ ಖಚಿತ. ಫೆರಿಟಿನ್ ಕೂಡ ನೋಡಿಸಿ: ಅದು ಸಾಕಷ್ಟಿರುವ ಥಲಸ್ಸೀಮಿಯಾ ವಾಹಕರಿಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ಎಂಸಿವಿ 100 ದಾಟಿದ್ದರೆ ಬಿ12, ಫೋಲೇಟ್ ಕಡೆ ತಿರುಗಬೇಕು.

ಪ್ರಶ್ನೆ: ಬೀಟ್‌ರೂಟ್, ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದೆಯೇ?
ಓದುಗರೊಬ್ಬರು, ಸಾಗರ

ಇಲ್ಲ. ಬೀಟ್‌ರೂಟಿನ ಕೆಂಪು ಬೀಟಾನಿನ್ ಎಂಬ ಬಣ್ಣದ್ದು, ಹೀಮ್‌ಗೂ ಅದಕ್ಕೂ ನಂಟಿಲ್ಲ. 100 ಗ್ರಾಂ ಬೀಟ್‌ರೂಟಲ್ಲಿ ಕಬ್ಬಿಣ 1 ಮಿಲಿಗ್ರಾಂಗೂ ಕಡಿಮೆ. ತಿನ್ನಿ, ತರಕಾರಿಯಾಗಿ ಒಳ್ಳೆಯದೇ. ಔಷಧ ಅಂದುಕೊಂಡು ಮಾತ್ರೆ ಬಿಡಬೇಡಿ. ಸಸ್ಯಾಹಾರಿಗಳು ಕಾಳು, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿಕೊಂಡು, ಕಾಫಿಯನ್ನು ಊಟದಿಂದ ಒಂದೆರಡು ಗಂಟೆ ದೂರ ಇಟ್ಟರೆ ಅದೇ ಊಟದಿಂದ ಹೆಚ್ಚು ಕಬ್ಬಿಣ ಸಿಗುತ್ತದೆ. ಮಾಂಸದಲ್ಲಿನ ಹೀಮ್ ಕಬ್ಬಿಣಕ್ಕೆ ಕಾಫಿ, ಫೈಟೇಟ್‌ಗಳ ಕಾಟ ಅಷ್ಟಾಗಿ ಇಲ್ಲ. ಅದು ಉಂಗುರದ ಸಮೇತ ಒಳಗೆ ಹೋಗುತ್ತದೆ.

ಪ್ರಶ್ನೆ: ಅತ್ತೆಗೆ ಹಿಮೋಗ್ಲೋಬಿನ್ 7. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸುತ್ತದೆ. ಹಾಗಾದರೆ ಆಮ್ಲಜನಕ ಸರಿಯಿದೆ ತಾನೆ?
ಓದುಗರೊಬ್ಬರು, ಶಿವಮೊಗ್ಗ

ಆಕ್ಸಿಮೀಟರ್ ಹೇಳುವುದು ಓಡುತ್ತಿರುವ ಬಸ್ಸುಗಳಲ್ಲಿ ಸೀಟು ಎಷ್ಟು ಭರ್ತಿ ಎಂದು. ಎಷ್ಟು ಬಸ್ಸು ಓಡುತ್ತಿವೆ ಎಂಬುದನ್ನಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 15 ಗ್ರಾಂ ಇರುವವರ 100 ಮಿಲಿಲೀಟರ್ ರಕ್ತದಲ್ಲಿ 98ರ ಭರ್ತಿಗೆ 19.7 ಮಿಲಿಲೀಟರ್, ಅತ್ತೆಯವರಲ್ಲಿ 9.2, ಅರ್ಧಕ್ಕೂ ಕಡಿಮೆ. ಉಳಿದದ್ದನ್ನು ಹೃದಯ ಜೋರಾಗಿ ಬಡಿದು ಸರಿದೂಗಿಸುತ್ತಿದೆ. ಮೆಟ್ಟಿಲು ಹತ್ತುವಾಗ ಏದುಸಿರು, ಎದೆನೋವು ಇದ್ದರೆ ತಡಮಾಡಬೇಡಿ. ರಕ್ತ ಎಲ್ಲಿ ಹೋಯಿತು ಎಂಬುದನ್ನೂ ಪತ್ತೆ ಮಾಡಿಸಿ. ಆ ವಯಸ್ಸಿನಲ್ಲಿ ಕರುಳಿನ ತಪಾಸಣೆ ಬೇಕೇಬೇಕು.

ಪ್ರಶ್ನೆ: ಬಚ್ಚಲಮನೆಯ ಗ್ಯಾಸ್ ಗೀಸರ್‌ನಿಂದ ಸಾವು ಎಂದು ಓದುತ್ತೇವೆ. ಗ್ಯಾಸ್ ಸೋರಿದರೆ ವಾಸನೆ ಬರುತ್ತದಲ್ಲ, ಯಾಕೆ ಗೊತ್ತಾಗುವುದಿಲ್ಲ?
ಓದುಗರೊಬ್ಬರು, ಮೈಸೂರು

ಸೋರಿದ ಎಲ್‌ಪಿಜಿ ಅಲ್ಲ ಅಲ್ಲಿ ಕೊಲ್ಲುವುದು. ಎಲ್‌ಪಿಜಿಗೆ ವಾಸನೆ ಬರಲೆಂದೇ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆಮ್ಲಜನಕ ಕೂರುವ ಆರನೇ ಜಾಗಕ್ಕೇ ಅದೂ ಬರುತ್ತದೆ, 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 21. ಮಾನಾಕ್ಸೈಡ್ ಶೇ. 0.1 ಇದ್ದರೆ ಸಾಕು, ಹೊತ್ತು ಕಳೆದಂತೆ ಹಿಮೋಗ್ಲೋಬಿನ್ ಅರ್ಧರ್ಧ ಹಂಚಿಹೋಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಾಲ್ಕರಲ್ಲಿ ಒಂದೆರಡು ಹೀಮ್‌ಗೆ ಅದು ಅಂಟಿದ ಮೇಲೆ ಉಳಿದವು ಹಿಡಿದ ಆಮ್ಲಜನಕವನ್ನು ಅಂಗಾಂಶಕ್ಕೆ ಬಿಡುವುದೂ ಇಲ್ಲ. ರಕ್ತಹೀನತೆಯಿಂದ ಅರ್ಧ ಹಿಮೋಗ್ಲೋಬಿನ್ ಉಳಿದವರು ನಡೆದಾಡುತ್ತಾರೆ, ಮಾನಾಕ್ಸೈಡ್ ಅರ್ಧ ಹಿಡಿದವರು ಬಿದ್ದುಬಿಡುತ್ತಾರೆ.

ಆಕ್ಸಿಮೀಟರ್ 660 ಮತ್ತು 940 ನ್ಯಾನೋಮೀಟರ್ ಬೆಳಕಿನಲ್ಲಿ ಮಾತ್ರ ನೋಡುವುದರಿಂದ ಮಾನಾಕ್ಸೈಡ್ ಅಂಟಿದ್ದನ್ನು ಆಮ್ಲಜನಕವೆಂದೇ ಎಣಿಸಿ 98 ತೋರಿಸುತ್ತದೆ. ಅದನ್ನು ನಂಬಬೇಡಿ. ಮಾನಾಕ್ಸೈಡ್ ಅಂಟಿದ್ದನ್ನು ಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್ ಇರುವ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಗಬೇಕು. ಬಿದ್ದವರನ್ನು ಮೊದಲು ಹೊರಗೆಳೆದು, ಗ್ಯಾಸ್ ಆರಿಸಿ, ಬಾಗಿಲು ಕಿಟಕಿ ತೆರೆಯಿರಿ. ಸಾದಾ ಗಾಳಿಯಲ್ಲಿ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ, ಬಿಗಿಯಾದ ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಗೀಸರನ್ನು ಬಚ್ಚಲಿನ ಹೊರಗೆ ಕೂರಿಸಿ ಪೈಪಿನಲ್ಲಿ ನೀರು ತರುವುದೇ ಸರಿ. ಒಳಗೇ ಇದ್ದರೆ ಬಕೆಟ್ ತುಂಬಿಸಿ, ಆರಿಸಿ, ಗಾಳಿಯಾಡಲು ಬಿಟ್ಟು ಆಮೇಲೆ ಸ್ನಾನಕ್ಕಿಳಿಯಿರಿ. ನೀಲಿ ಜ್ವಾಲೆ ಹಳದಿಯಾದರೆ ಬರ್ನರ್‌ಗೆ ಗಾಳಿ ಸಾಲುತ್ತಿಲ್ಲ. ಸ್ನಾನದಲ್ಲಿ ತಲೆನೋವು, ವಾಕರಿಕೆ, ಕಾಲು ಸೋತಂತೆ ಆದರೆ ಬಟ್ಟೆಗೂ ಕಾಯದೆ ಚಿಲಕ ತೆಗೆಯಿರಿ.

ಪ್ರಶ್ನೆ: ಉಪಕೇಂದ್ರದಲ್ಲಿ ಸಾಹ್ಲಿ ವಿಧಾನದಲ್ಲಿ 9.6 ಬಂದವರಿಗೆ ತಾಲ್ಲೂಕು ಆಸ್ಪತ್ರೆಯ ಯಂತ್ರ 11 ತೋರಿಸುತ್ತದೆ. ಬೈಗುಳ ನಮಗೆ.
ಆರೋಗ್ಯ ಸಹಾಯಕಿ, ಕೊಪ್ಪಳ ಜಿಲ್ಲೆ

ಸಾಹ್ಲಿ ಎಂದರೆ ಬಣ್ಣ ಹೋಲಿಸಿ ಹಿಮೋಗ್ಲೋಬಿನ್ ಅಳೆಯುವ ವಿಧಾನ, ಅದರಲ್ಲಿ ತಪ್ಪಿಗೆ ಹಾದಿ ಬಹಳ. ಎನ್/10 ಹೈಡ್ರೋಕ್ಲೋರಿಕ್ ಆಮ್ಲವನ್ನು ನಳಿಕೆಯ ಕೆಳಗಿನ ಗುರುತಿನವರೆಗೆ ಹಾಕಿ, 20 ಮೈಕ್ರೋಲೀಟರ್ ರಕ್ತ ಸೇರಿಸಿ ಕಲಕಿದರೆ ಹಿಮೋಗ್ಲೋಬಿನ್ ಕಂದು ಬಣ್ಣದ ಆಸಿಡ್ ಹೆಮಟಿನ್ ಆಗುತ್ತದೆ. ಇದಕ್ಕೆ ಪೂರ್ತಿ 10 ನಿಮಿಷ ಬೇಕು. ಸಾಲಿನಲ್ಲಿ ಜನ ನಿಂತಿದ್ದಾರೆಂದು ನಾಲ್ಕೇ ನಿಮಿಷಕ್ಕೆ ನೀರು ಹಾಕಲು ಶುರುಮಾಡಿದರೆ ಬಣ್ಣ ತೆಳುವಾಗಿ ಅಂಕಿ ಬೀಳುತ್ತದೆ. ಬೆರಳು ಹಿಂಡಿದರೂ ಬೀಳುತ್ತದೆ, ಅಂಗಾಂಶದ ನೀರು ರಕ್ತಕ್ಕೆ ಬೆರೆತುಬಿಡುತ್ತದೆ. ಆಳವಾಗಿ ಒಂದೇ ಸಲ ಚುಚ್ಚಿ, ಮೊದಲ ಹನಿ ಒರೆಸಿ, ತಾನಾಗಿ ಬರುವ ಎರಡನೆಯ ಹನಿ ತಗೊಳ್ಳಿ. ಸ್ಪಿರಿಟ್ ಆರಿದ ಮೇಲೆಯೇ ಚುಚ್ಚಿ. ಪಿಪೆಟ್ಟಿನ ಹೊರಗೋಡೆಗೆ ಅಂಟಿದ ರಕ್ತ ಒರೆಸದಿದ್ದರೆ ಅಂಕಿ ಏರುತ್ತದೆ, ಒಳಗೆ ಗುಳ್ಳೆ ಇದ್ದರೆ ಇಳಿಯುತ್ತದೆ. ಡಿಸ್ಟಿಲ್ಡ್ ನೀರು ಹನಿಹನಿಯಾಗಿ ಹಾಕಿ, ಪ್ರತಿ ಸಲವೂ ಗಾಜಿನ ಕಡ್ಡಿಯಿಂದ ಕಲಕಿ, ಹಗಲ ಬೆಳಕಿಗೆ ಹಿಡಿದು ಬಣ್ಣ ಹೋಲಿಸಿ. ಕಡ್ಡಿಯನ್ನು ದ್ರವದಿಂದ ಮೇಲೆತ್ತಿ ನೋಡಬೇಕು. ಹೋಲಿಕೆಯ ಗಾಜು ಬಣ್ಣ ಮಾಸಿದ್ದರೆ ನಿಮ್ಮ ಕೈಚಳಕವೆಲ್ಲ ವ್ಯರ್ಥ. ನವಜಾತ ಶಿಶುಗಳಿಗೆ ಈ ವಿಧಾನ ಬೇಡವೇ ಬೇಡ, ಭ್ರೂಣದ ಹಿಮೋಗ್ಲೋಬಿನ್ ಆಮ್ಲಕ್ಕೆ ಸುಲಭದಲ್ಲಿ ಬಗ್ಗುವುದಿಲ್ಲ. ಡಿಜಿಟಲ್ ಮೀಟರ್ ಕೇಳಿ ಪಡೆಯಿರಿ. ಯಂತ್ರವೂ ದೇವರಲ್ಲ: ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬನ್ನು ಎಂಟು ಹತ್ತು ಸಲ ಮಗುಚದೆ ಇಟ್ಟರೆ ಅದೂ ತಪ್ಪು ಹೇಳುತ್ತದೆ.

ಪ್ರಶ್ನೆ: ನಮ್ಮ ಹಾಡಿಯಲ್ಲಿ ಸಿಕಲ್ ಸೆಲ್ ಪರೀಕ್ಷೆ ಮಾಡಿದರು. ನನಗೆ 'ವಾಹಕ' ಎಂದು ಬಂದಿದೆ. ಇದು ಕಾಯಿಲೆಯೇ? ಮದುವೆ ಆಗಬಹುದೇ?
ಯುವಕ, ಎಚ್.ಡಿ. ಕೋಟೆ ತಾಲ್ಲೂಕು

ಕಾಯಿಲೆಯಲ್ಲ. ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಇರುವುದೇ ಸಿಕಲ್ ಹಿಮೋಗ್ಲೋಬಿನ್. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ವ್ಯಾಲಿನ್ ಪಕ್ಕದ ಅಣುವಿಗೆ ಅಂಟಿ, ಅಣುಗಳು ಉದ್ದುದ್ದ ನಾರಾಗಿ ಕಣವನ್ನು ಕುಡುಗೋಲಿನಂತೆ ಬಗ್ಗಿಸುತ್ತವೆ. ನಿಮ್ಮಲ್ಲಿ ಇದು ಸುಮಾರು ಶೇ. 40, ಉಳಿದದ್ದು ಸಾಮಾನ್ಯ ಹಿಮೋಗ್ಲೋಬಿನ್. ಹಾಗಾಗಿ ದಿನನಿತ್ಯದ ಬದುಕಿನಲ್ಲಿ ನಾರು ಕಟ್ಟುವುದಿಲ್ಲ.

ಮದುವೆ ಖಂಡಿತ ಆಗಬಹುದು, ಹುಡುಗಿಯ ಪರೀಕ್ಷೆ ಮೊದಲು ಆಗಲಿ. ಅವರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಮಗು ಹುಟ್ಟುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಚೆನ್ನಾಗಿದೆ ಎಂದು ಎರಡನೆಯದಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಅವರು ಬೀಟಾ ಥಲಸ್ಸೀಮಿಯಾ ವಾಹಕರಾಗಿದ್ದರೂ ಮಗುವಿಗೆ ಸಿಕಲ್ ಕಾಯಿಲೆ ಬರಬಹುದು. ಇದನ್ನು ಸಿಕಲ್ ಪರೀಕ್ಷೆಯೊಂದೇ ಹಿಡಿಯದು. ಟ್ಯೂಬಿನಲ್ಲಿ ರಕ್ತ ಮಂಕಾಗಿ ಹಿಂದಿನ ಗೆರೆ ಕಾಣದಾಗುವ ಕರಗುವಿಕೆ ಪರೀಕ್ಷೆ ವಾಹಕರಲ್ಲೂ ರೋಗಿಗಳಲ್ಲೂ ಒಂದೇ ಥರ ಬರುತ್ತದೆ. ಇಬ್ಬರಿಗೂ ಎಚ್‌ಪಿಎಲ್‌ಸಿ ಆಗಲಿ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಡಿ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದೊಳಗಿನವರ ತಪಾಸಣೆ ನಡೆಯುತ್ತಿದೆ. ಕಾರ್ಡ್ ಕೊಟ್ಟಿದ್ದರೆ ಜೋಪಾನ ಮಾಡಿ.

ಪ್ರಶ್ನೆ: ಪೆಟ್ಟು ಬಿದ್ದ ಜಾಗ ಮೊದಲು ನೀಲಿ, ಆಮೇಲೆ ಹಸಿರು, ಕೊನೆಗೆ ಹಳದಿ ಆಗುವುದೇಕೆ?
ಎಂಟನೇ ತರಗತಿ ವಿದ್ಯಾರ್ಥಿ, ಕುಮಟಾ

ಚರ್ಮದಡಿ ಸುರಿದ ರಕ್ತದ ಹೀಮ್ ಒಡೆಯುವ ಹಂತಗಳೇ ಆ ಬಣ್ಣಗಳು. ಹೀಮ್ ಆಕ್ಸಿಜನೇಸ್ ಉಂಗುರವನ್ನು ಒಂದು ಕಡೆ ಕತ್ತರಿಸಿದಾಗ ಹಸಿರು ಬಿಲಿವರ್ಡಿನ್ ಸಿಗುತ್ತದೆ, ಇನ್ನೊಂದು ಕಿಣ್ವ ಅದನ್ನು ಹಳದಿ ಬಿಲಿರುಬಿನ್ ಮಾಡುತ್ತದೆ. ಕಬ್ಬಿಣ ಮರುಬಳಕೆಗೆ ಹೋಗುತ್ತದೆ. ಕತ್ತರಿಸಿದ ಜಾಗದಿಂದ ಒಂದು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಬಿದ್ದು ಉಸಿರಲ್ಲಿ ಹೋಗುತ್ತದೆ. ಹೌದು, ಗೀಸರ್ ಪ್ರಶ್ನೆಯಲ್ಲಿ ಹೇಳಿದ ಅದೇ ಅನಿಲ, ಅತ್ಯಲ್ಪ ಪ್ರಮಾಣದಲ್ಲಿ.

ಪ್ರಶ್ನೆ: ಮನೆಯಲ್ಲಿ ನೋಡಿದಾಗೆಲ್ಲ ಸಕ್ಕರೆ ಹಿಡಿತದಲ್ಲಿದೆ, ಎಚ್‌ಬಿಎ1ಸಿ ಮಾತ್ರ 7.4. ಹಿಮೋಗ್ಲೋಬಿನ್ 9. ಯಾವುದನ್ನು ನಂಬಲಿ?
ನಿವೃತ್ತ ಶಿಕ್ಷಕಿ, ಉಡುಪಿ

ಸದ್ಯಕ್ಕೆ ಮನೆಯ ಮೀಟರನ್ನು, ಊಟದ ನಂತರವೂ ನೋಡಿದ್ದರೆ. ಎ1ಸಿ ಎಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯ ಅಂದಾಜು. ಬೀಟಾ ಸರಪಳಿಯ ಮೊದಲ ವ್ಯಾಲಿನ್‌ಗೆ ಗ್ಲೂಕೋಸ್ ಕಿಣ್ವದ ನೆರವಿಲ್ಲದೆ ನಿಧಾನವಾಗಿ ಅಂಟುವುದೇ ಎ1ಸಿ. ಕಣ ಹಳತಾದಷ್ಟೂ ಹೆಚ್ಚು ಅಂಟಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಹೊಸ ಕಣಗಳ ಹುಟ್ಟು ಕುಂಠಿತವಾಗಿ ಹಳೆಯವುಗಳ ಪಾಲು ಹೆಚ್ಚಿ, ಅಂಕಿ ಸುಳ್ಳಾಗಿ ಏರಬಹುದು. ಕಬ್ಬಿಣ ಶುರುಮಾಡಿದ ಮೇಲೆ ಹೊಸ ಕಣಗಳು ಒಮ್ಮೆಲೇ ಬಂದು ಅದು ಇಳಿದರೆ, ಸಕ್ಕರೆ ಹತೋಟಿಗೆ ಬಂತೆಂದು ಮಾತ್ರೆ ಕಡಿಮೆ ಮಾಡಬೇಡಿ. ರಕ್ತಕಣಗಳು ಬೇಗ ಒಡೆಯುವವರಲ್ಲಿ, ರಕ್ತ ಹಾಕಿಸಿಕೊಂಡವರಲ್ಲಿ ಅಂಕಿ ಸುಳ್ಳಾಗಿ ಇಳಿದಿರುತ್ತದೆ. ಹಿಮೋಗ್ಲೋಬಿನ್ ಸರಿಹೋಗಿ ಮೂರು ತಿಂಗಳಾದ ಮೇಲೆ ಎ1ಸಿ ಮತ್ತೆ ಮಾಡಿಸಿ. ಅಲ್ಲಿಯವರೆಗೆ ಬೇಕಿದ್ದರೆ ರಕ್ತದ ಇತರ ಪ್ರೋಟೀನ್‌ಗಳಿಗೆ ಅಂಟಿದ ಸಕ್ಕರೆ ಅಳೆಯುವ ಫ್ರಕ್ಟೋಸಮೈನ್ ಪರೀಕ್ಷೆ ಸಾಕು.